ಮನೇಲಿ ಕ್ರಾಫ್ಟ್ ನೈಟ್ ಇಟ್ಕೊಳ್ಳೋರಿಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ತಿಂಗಳಿಗೊಂದು ಶನಿವಾರ ಸಂಜೆ ನಮ್ಮನೆ ಹಾಲಲ್ಲಿ ಐದಾರು ಜನ ಕೂತ್ಕೊಂಡು ಸೀರೆಗೆ ಕುಚ್ಚು ಕಟ್ಟೋದು, ಕಸೂತಿ ಹಾಕೋದು, ಹಬ್ಬ ಹತ್ರ ಬಂದ್ರೆ ಗಣಪತಿನೋ ಹಣತೆನೋ ಮಾಡೋದು, ಇದೆಲ್ಲ ಶುರುವಾಗಿ ಮೂರು ವರ್ಷ ಆಯ್ತು. "ನಾವೂ ಮಾಡ್ಬೇಕು ಕಣೇ, ಹೇಗೆ ಶುರು ಮಾಡೋದು ಹೇಳು" ಅಂತ ಕೇಳೋರು ಜಾಸ್ತಿ ಆದ್ರು, ಒಬ್ಬೊಬ್ಬರಿಗೂ ಅದೇ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಸಾಕಾಗಿ ಎಲ್ಲ ಒಂದೇ ಕಡೆ ಬರ್ದಿಟ್ಟಿದೀನಿ. ನಾನೇನು ದೊಡ್ಡ ಕಲಾವಿದೆ ಅಲ್ಲ, ಸ್ಕೂಲಲ್ಲಿ ಕ್ರಾಫ್ಟ್ ಪೀರಿಯಡ್ ಇದ್ದಾಗೆಲ್ಲ ಮಿಸ್ ಹತ್ರ ಬೈಸ್ಕೊಂಡವಳು.

ಕ್ರಾಫ್ಟ್ ನೈಟ್ ಅಂದ್ರೆ ನಿಜವಾಗ್ಲೂ ಏನ್ ಮಾಡ್ತೀರಾ?

ಹರಟೆ ಹೊಡೀತೀವಿ. ಕೈಯಲ್ಲೊಂದು ಕೆಲಸ ಇರುತ್ತೆ ಅಷ್ಟೇ. ಇದೇನು ಹೊಸದಲ್ಲ, ನಮ್ಮಜ್ಜಿ ಕಾಲದಲ್ಲಿ ಹಪ್ಪಳ ಒತ್ತೋ ದಿನ ಅಕ್ಕಪಕ್ಕದ ಮನೆಯವರೆಲ್ಲ ಲಟ್ಟಣಿಗೆ ಹಿಡ್ಕೊಂಡು ಬರೋರು, ಸಾಯಂಕಾಲ ಮೊಗ್ಗು ತಂದು ಜಗಲಿ ಮೇಲೆ ಸುರ್ಕೊಂಡು ಮಾಲೆ ಕಟ್ಟೋರು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಹತ್ತಿ ಹಿಡ್ಕೊಂಡು ಗೆಜ್ಜೆವಸ್ತ್ರ ಮಾಡೋಕೆ ಕೂರೋರು, ಬೀದಿಯ ಸುದ್ದಿ ಎಲ್ಲ ಅಲ್ಲೇ ವಿಚಾರಣೆಗೆ ಬರ್ತಿತ್ತು. ಈಗ ಫ್ರೆಂಡ್ಸ್ ಸೇರಿದ್ರೆ ಹೋಟೆಲ್ಲು, ಇಲ್ಲಾಂದ್ರೆ ಟಿವಿ ಹಾಕ್ಕೊಂಡು ಎಲ್ರೂ ಅವರವರ ಮೊಬೈಲ್ ನೋಡ್ತಾ ಕೂರೋದು. ಕೈಗೆ ಸೂಜಿ ಬಂದ್ರೆ ಮೊಬೈಲ್ ತಾನಾಗೇ ಪಕ್ಕಕ್ಕೆ ಹೋಗುತ್ತೆ, ಯಾರೂ ರೂಲ್ಸ್ ಹಾಕ್ಬೇಕಿಲ್ಲ. ಇನ್ನೊಂದು ಏನಂದ್ರೆ, ಮುಖ ನೋಡ್ಕೊಂಡು ಹೇಳೋಕಾಗದ ವಿಷಯನ ದಾರ ನೋಡ್ಕೊಂಡು ಹೇಳ್ಬಿಡಬಹುದು. ಒಬ್ಬಳು ಕೆಲಸ ಬಿಡ್ತಿದಾಳೆ ಅಂತ, ಇನ್ನೊಬ್ಬಳ ಅಮ್ಮನ ರಿಪೋರ್ಟ್ ಸರಿ ಬಂದಿಲ್ಲ ಅಂತ ನಮಗೆ ಮೊದಲು ಗೊತ್ತಾಗಿದ್ದು ಕುಚ್ಚು ಕಟ್ಟೋವಾಗ್ಲೇ.

ಎಷ್ಟು ಜನರನ್ನ ಕರೀಬೇಕು?

ನಿಮ್ಮನ್ನೂ ಸೇರಿಸಿ ಆರು. ನಮ್ಮದು 2 ಬಿಎಚ್‌ಕೆ, ಅದಕ್ಕಿಂತ ಜಾಸ್ತಿ ಆದ್ರೆ ಮಾತು ಎರಡು ಗುಂಪಾಗುತ್ತೆ, ಕತ್ತರಿ ಕೈಗೆ ಸಿಗಲ್ಲ, ಲೈಟ್ ಕೆಳಗೆ ಜಾಗ ಸಾಲಲ್ಲ. ಮೊದಲನೇ ಸಲ ನಾನು ಹುಮ್ಮಸ್ಸಲ್ಲಿ ಹನ್ನೊಂದು ಜನರನ್ನ ಕರ್ದಿದ್ದೆ, ಹನ್ನೊಂದೂ ಜನ ಬಂದ್ರು (ಬೆಂಗಳೂರಲ್ಲಿ ಇದೊಂದು ಪವಾಡ), ರಾತ್ರಿ ಹತ್ತಕ್ಕೆ ನೋಡಿದ್ರೆ ಮೂರು ಜನ ಮಾತ್ರ ಏನೋ ಮಾಡಿದ್ರು, ಉಳಿದವರು ಅಡುಗೆಮನೆಯಲ್ಲಿ ನಿಂತು ಟೀ ಕಾಯಿಸ್ಕೊಂಡು ಕುಡೀತಿದ್ರು. ಅದೂ ಚೆನ್ನಾಗೇ ಇತ್ತು ಬಿಡಿ, ಆದ್ರೆ ಅದು ಬರೀ ಪಾರ್ಟಿ.

ಯಾವ ಕ್ರಾಫ್ಟ್ ಇಟ್ಕೊಂಡ್ರೆ ಒಳ್ಳೇದು?

ನಾನು ಮೂರು ವಿಷಯ ನೋಡ್ತೀನಿ. ಮಾತಾಡ್ತಾ ಮಾಡೋಕಾಗುತ್ತಾ, ಮಧ್ಯದಲ್ಲಿ ಬಿಟ್ಟು ಎದ್ದು ಹೋದ್ರೆ ಹಾಳಾಗಲ್ಲ ತಾನೇ, ಉಳಿದಿದ್ದನ್ನ ಕವರಲ್ಲಿ ಹಾಕ್ಕೊಂಡು ಮನೆಗೆ ಒಯ್ಯಬಹುದಾ. ಮೂರಕ್ಕೂ ಹೌದು ಅಂದ್ರೆ ಓಕೆ.

ಈ ಲೆಕ್ಕದಲ್ಲಿ ರೆಸಿನ್ ಆರ್ಟ್ (ಎರಡು ದ್ರವ ಬೆರೆಸಿ ಅಚ್ಚಿಗೆ ಸುರಿದು ಗಾಜಿನ ಥರ ಗಟ್ಟಿ ಮಾಡೋದು) ಔಟ್. ರೀಲ್ಸಲ್ಲಿ ನೋಡೋಕೆ ಚೆಂದ, ಆದ್ರೆ ಗ್ಲೌಸ್ ಬೇಕು, ಗಾಳಿ ಆಡೋ ಜಾಗ ಬೇಕು, ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಅಂಟಂಟಾಗೇ ಉಳಿಯುತ್ತೆ, ಗಟ್ಟಿ ಆಗೋಕೆ ಸುಮಾರು 24 ಗಂಟೆ, ಬಂದವರು ಬರಿಗೈಯಲ್ಲಿ ವಾಪಸ್ ಹೋಗ್ತಾರೆ. ಕ್ಯಾಂಡಲ್ ಮಾಡೋದೂ ಹಾಗೇ, ಒಬ್ರು ಮೇಣ ಕಾಯ್ತಾ ಒಲೆ ಮುಂದೆ ನಿಲ್ಲಬೇಕು, ಹರಟೆ ಎಲ್ಲ ಅವರಿಗೆ ಮಿಸ್. ಕ್ವಿಲ್ಲಿಂಗ್, ಅಂದ್ರೆ ಕಾಗದದ ಸಣ್ಣ ಪಟ್ಟಿ ಸುರುಳಿ ಸುತ್ತಿ ಡಿಸೈನ್ ಮಾಡೋದು, ಪರವಾಗಿಲ್ಲ, ಒಂದೇ ಕಷ್ಟ ಅಂದ್ರೆ ಫ್ಯಾನ್ ಹಾಕೋ ಹಾಗಿಲ್ಲ, ಏಪ್ರಿಲಲ್ಲಿ ಟ್ರೈ ಮಾಡ್ಬೇಡಿ. ಉಲ್ಲನ್ ಕ್ರೋಶಾ ಬರೋರಿಗೆ ಸುಲಭ, ಬರ್ದೇ ಇರೋರಿಗೆ ಮೊದಲ ರಾತ್ರಿ ಬರೀ ಗಂಟು. ಮಂಡಲ ಡಾಟ್ ಪೇಂಟಿಂಗ್, ಮಣಿ ಪೋಣಿಸೋದು, ಹಳೇ ಬಟ್ಟೆ ರಿಪೇರಿ, ಇವೆಲ್ಲ ಯಾವಾಗ್ಲೂ ಸೇಫ್. ಬಟ್ಟೆ ರಿಪೇರಿ ಅಂತ ಮೂಗು ಮುರೀಬೇಡಿ, ಒಂದು ಸಲ "ಬಟನ್ ಹೋಗಿರೋ ಎಲ್ಲ ಶರ್ಟ್ ತನ್ನಿ" ಅಂತ ಮೆಸೇಜ್ ಹಾಕಿದ್ದಕ್ಕೆ ಬಂದಿದ್ದು ಹದಿನಾಲ್ಕು ಶರ್ಟು, ಆರು ಬ್ಲೌಸು, ಒಂದು ಬೀನ್ ಬ್ಯಾಗು.

ನನ್ನನ್ನ ಕೇಳಿದ್ರೆ ಮೊದಲ ಸಲಕ್ಕೆ ಸೀರೆ ಕುಚ್ಚು.

ಸೀರೆ ಕುಚ್ಚು ಒಂದೇ ಸಂಜೇಲಿ ಮುಗಿಯುತ್ತಾ?

ಇಲ್ಲ, ಮುಗಿಯಲ್ಲ, ಇದನ್ನ ಬಂದವರಿಗೆ ಮೊದಲೇ ಹೇಳ್ಬಿಡಿ. ಲೆಕ್ಕ ಹಾಕಿ ನೋಡಿ. ಸೀರೆ ಅಗಲ ಹೆಚ್ಚುಕಮ್ಮಿ 45 ಇಂಚು. ಇಂಚಿಗೊಂದು ಕುಚ್ಚು ಅಂದ್ರೂ 45, ಅರ್ಧ ಇಂಚಿಗೊಂದು ಅಂದ್ರೆ 90. ಹೊಸಬರಿಗೆ ಒಂದು ಕುಚ್ಚಿಗೆ ಐದು ನಿಮಿಷ ಬೇಕೇ ಬೇಕು, ಅಂದ್ರೆ ಇಂಚಿಗೊಂದರ ಲೆಕ್ಕದಲ್ಲೇ ನಾಲ್ಕು ಗಂಟೆ ಹತ್ರ ಹತ್ರ ಆಯ್ತು, ಅದೂ ಟೀ, ಊಟ, ಯಾರದೋ ಮದುವೆ ಫೋಟೋ ನೋಡೋದು ಇವೆಲ್ಲ ಬಿಟ್ಟು. ಅಂಗಡಿಯವರು ಕುಚ್ಚಿಗೆ ಅಷ್ಟು ದುಡ್ಡು ಯಾಕೆ ಕೇಳ್ತಾರೆ ಅಂತ ಹತ್ತನೇ ಕುಚ್ಚಿಗೆ ಬರೋವಷ್ಟರಲ್ಲಿ ಎಲ್ರಿಗೂ ಅರ್ಥ ಆಗಿರುತ್ತೆ, ಆಮೇಲೆ ಚೌಕಾಸಿ ಮಾಡೋಕೆ ಮನಸ್ಸು ಬರಲ್ಲ.

ನಾವು ಮಾಡೋದು ಹೀಗೆ: ಒಂದು ಸೀರೆಗೆ ಇಬ್ಬರು, ಆ ತುದಿಯಿಂದ ಒಬ್ರು ಈ ತುದಿಯಿಂದ ಒಬ್ರು, ಮಧ್ಯದಲ್ಲಿ ಬಂದು ಸೇರೋದು. ತೊಂದರೆ ಏನು ಅಂದ್ರೆ ಒಬ್ಬರ ಕುಚ್ಚು ದಪ್ಪ, ಇನ್ನೊಬ್ಬರದು ಇಲಿ ಬಾಲ. ಅದಕ್ಕೇ ದಾರನ ಮೊದಲೇ ಒಂದೇ ಅಳತೆಗೆ ಕಟ್ ಮಾಡಿಟ್ಕೊಳ್ಳಿ. ಹಳೇ ಎಟಿಎಂ ಕಾರ್ಡ್ ಇರುತ್ತಲ್ಲ, ಅದರ ಅಗಲಕ್ಕೆ ರೇಷ್ಮೆ ದಾರ 25ರಿಂದ 30 ಸುತ್ತು ಸುತ್ತಿ, ಒಂದು ಕಡೆ ಕತ್ತರಿಸಿ. ಕಾರ್ಡಿನ ಅಗಲ 5.4 ಸೆಂಟಿಮೀಟರ್, ಅಂದ್ರೆ ಮಡಿಸಿದಾಗ ಕರೆಕ್ಟಾಗಿ ಎರಡಿಂಚಿಗಿಂತ ಒಂಚೂರು ಜಾಸ್ತಿ ಉದ್ದದ ಕುಚ್ಚು ಬರುತ್ತೆ. ಸುತ್ತು ಎಷ್ಟು ಅಂತ ಒಬ್ರೇ ಡಿಸೈಡ್ ಮಾಡಿ, ಎಲ್ರೂ ಅದೇ ಲೆಕ್ಕ. ಸೆರಗಿನ ಅಂಚನ್ನ ದಿಂಬಿಗೆ ಸೇಫ್ಟಿ ಪಿನ್ ಹಾಕಿ ಬಿಗಿ ಮಾಡ್ಕೊಂಡು ಕೂತ್ರೆ ಸೀರೆ ಜಾರಲ್ಲ, ಬೆನ್ನೂ ಬಾಗಲ್ಲ. ಕುಚ್ಚಿನ ಕುತ್ತಿಗೆ ಕಟ್ಟೋಕೆ ಜರಿ ದಾರ, ನಾಲ್ಕೈದು ಸುತ್ತು ಬಿಗಿಯಾಗಿ, ಆಮೇಲೆ ಗಂಟು ಒಳಗೆ.

ಮುಖ್ಯವಾದ ಮಾತು, ಮೊದಲ ಸಲ ಮದುವೆ ಸೀರೆ ತರ್ಬೇಡಿ ಅಂತ ಹೇಳಿ. ಹಳೇ ದುಪಟ್ಟಾ ಮೇಲೆ ಹತ್ತು ಕಟ್ಟಿ ಕೈ ಪಳಗಿಸ್ಕೊಳ್ಳಿ. ದಪ್ಪ ಸೂಜಿ ಚುಚ್ಚಿದ್ರೆ ರೇಷ್ಮೆಯಲ್ಲಿ ತೂತು ಹಾಗೇ ಉಳಿಯುತ್ತೆ. ಕೆಂಪು, ಮರೂನ್ ದಾರ ಆದ್ರೆ ಒಂದೆಳೆ ಒದ್ದೆ ಮಾಡಿ ಬಿಳಿ ಟಿಶ್ಯೂನಲ್ಲಿ ಒತ್ತಿ ನೋಡಿ, ಬಣ್ಣ ಬಿಟ್ರೆ ಆ ದಾರ ವಾಪಸ್ ಕವರಿಗೆ. ನನ್ನ ಒಂದು ಕೆನೆ ಬಣ್ಣದ ಸೀರೆ ಸೆರಗು ಈಗ ಗುಲಾಬಿ ಛಾಯೆಯಲ್ಲಿದೆ, ಡಿಸೈನ್ ಅಂತಲೇ ಎಲ್ರಿಗೂ ಹೇಳ್ಕೊಂಡು ಬಂದಿದೀನಿ.

ಕಸೂತಿ ಕಲೀಬೇಕು ಅಂತ ಆಸೆ, ಕ್ರಾಫ್ಟ್ ನೈಟಲ್ಲಿ ಆಗುತ್ತಾ?

ಆಗುತ್ತೆ, ಆದ್ರೆ ಅವತ್ತು ಮಾತು ಕಮ್ಮಿ. ಕಸೂತಿ ಅಂದ್ರೆ ಎಳೆ ಎಣಿಸೋ ಕೆಲಸ, ಬಟ್ಟೆ ಮೇಲೆ ಚಿತ್ರ ಬರ್ಕೊಂಡು ತುಂಬೋದಲ್ಲ. "ಹದಿಮೂರು, ಹದಿನಾಲ್ಕು..." ಅನ್ನೋವಾಗ ಯಾರಾದ್ರೂ "ಆಮೇಲೆ ಅವಳೇನಂದ್ಲು?" ಅಂದ್ರೆ ಮುಗೀತು, ಒಂದೆಳೆ ತಪ್ಪಿದ್ರೆ ಗೋಪುರ ಸೊಟ್ಟ.

ನಮ್ಮತ್ತೆ ಧಾರವಾಡದವರು, ನಮ್ಮ ಗುಂಪಿನ ಗುರು ಅವರೇ. ನಾಲ್ಕು ಥರದ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗವಂತಿ ಅಂದ್ರೆ ಒಂದು ಎಳೆ ಬಿಟ್ಟು ಒಂದು ಹಾಕ್ತಾ ಹೋಗಿ, ವಾಪಸ್ ಬರ್ತಾ ಬಿಟ್ಟ ಜಾಗ ತುಂಬೋದು. ಮುರ್ಗಿನೂ ಅದೇ ಆದ್ರೆ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕು. ಈ ಎರಡರಲ್ಲೂ ಬಟ್ಟೆ ತಿರುಗಿಸಿದ್ರೆ ಹಿಂದೇನೂ ಮುಂದಿನ ಹಾಗೇ ಕಾಣ್ಬೇಕು. ನೇಯ್ಗಿ ನೇಯ್ದ ಹಾಗೆ ಕಾಣೋ ಉದ್ದುದ್ದ ಹೊಲಿಗೆ. ಮೆಂತಿ ಅಂದ್ರೆ ಮೆಂತ್ಯ ಕಾಳಿನ ಹಾಗೆ ಕಾಣೋ ಕ್ರಾಸ್ ಸ್ಟಿಚ್. ಗಂಟು ಅನ್ನೋ ಮಾತೇ ಇಲ್ಲ, ದಾರದ ತುದಿನ ಹೊಲಿಗೆ ಒಳಗೇ ಸೇರಿಸ್ಬೇಕು. ನಾನು ಮೊದಲ ದಿನ ಕದ್ದು ಒಂದು ಗಂಟು ಹಾಕಿದ್ದೆ, ಅತ್ತೆ ಬಟ್ಟೆ ಮಗುಚಿ ನೋಡಿ "ಹಿಂದ ಗಂಟ್ ಹಾಕಿದ್ರ ಅದು ಕಸೂತಿ ಅಲ್ಲವಾ, ಗೋಣಿಚೀಲ ಹೊಲದಂಗ" ಅಂದ್ರು.

ಹೊಸಬರು ಇಳಕಲ್ ಸೀರೆ ಮೇಲೆ ಶುರು ಮಾಡ್ಬೇಡಿ, ಎಳೆ ಸಣ್ಣ, ಬಣ್ಣ ಗಾಢ, ರಾತ್ರಿ ಲೈಟಲ್ಲಿ ಕಣ್ಣು ಹೋಗುತ್ತೆ. ಮ್ಯಾಟಿ ಬಟ್ಟೆ ಅಂತ ಕೇಳಿ, ಸ್ಕೂಲ್ ಕ್ರಾಫ್ಟಿಗೆ ಕೊಡ್ತಿದ್ರಲ್ಲ ಅದೇ, ಚೌಕ ಚೌಕ ಎದ್ದು ಕಾಣುತ್ತೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತೆ, ಎರಡೇ ಎಳೆ ಬಿಡಿಸಿ ತಗೊಳ್ಳಿ. ಸೂಜಿ ಮೊಂಡು ತುದಿದು ಇರ್ಲಿ. ಮೊದಲು ಮೆಂತಿ, ಆಮೇಲೆ ಗವಂತಿಯಲ್ಲಿ ಒಂದು ಸಣ್ಣ ತುಳಸಿಕಟ್ಟೆ. ತೇರು, ಆನೆ, ಅಂಬಾರಿ ಎಲ್ಲ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ.

ಎಲ್ರೂ ಸೇರಿ ಒಂದೇ ವಸ್ತು ಮಾಡೋ ಥರದ್ದು ಇದ್ಯಾ?

ಕೌದಿ! ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಪದರ ಪದರ ಹಾಕಿ ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ ಹೊಲಿಯೋ ಹೊದಿಕೆ. ಬರೀ ಓಡು ಹೊಲಿಗೆ ಸಾಕು, ಯಾರು ಬೇಕಾದ್ರೂ ಮಾಡ್ಬಹುದು, ನಾಲ್ಕೂ ಕಡೆ ಕೂತು ಹೊಲೀಬಹುದು, ಬಾಯಿಗಂತೂ ಪೂರ್ತಿ ಬಿಡುವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮಾಡೋ ಕವಂದಿ ನೋಡಿದೀರಾ? ಅವರು ಅಂಚಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ಮಧ್ಯಕ್ಕೆ ಬರ್ತಾರೆ, ನಾಲ್ಕು ಮೂಲೆಗೆ ಮಡಿಸಿದ ಬಟ್ಟೆ ತುಂಡಿನ ಹೂವು ಇಡ್ತಾರೆ. ಗುಂಪಲ್ಲಿ ಹೊಲಿಯೋಕೆ ಈ ಅಂಚಿಂದ ಬರೋ ದಾರಿ ತುಂಬಾ ಅನುಕೂಲ, ಯಾಕಂದ್ರೆ ಎಲ್ರಿಗೂ ಅವರವರ ಮುಂದೆ ಒಂದು ಅಂಚು ಇರುತ್ತೆ.

ನಾವು ಆರು ಜನ ಆರು ಹಳೇ ಕಾಟನ್ ಸೀರೆ ತಂದು ಶುರು ಮಾಡಿದ ಕೌದಿ ಮುಗಿಯೋಕೆ ಏಳು ತಿಂಗಳು ಹಿಡೀತು. ಚೀಟಿ ಎತ್ತಿದ್ವಿ, ಒಂದು ತುಂಡೂ ಸರಿಯಾಗಿ ಹೊಲೀದೇ ಬರೀ ಟೀ ಕುಡಿದವಳಿಗೆ ಹೋಯ್ತು. ಸಿಂಥೆಟಿಕ್ ಸೀರೆ ಬೇಡ, ಜಾರುತ್ತೆ, ಹೊದ್ಕೊಂಡ್ರೆ ಸೆಖೆ.

ಸಾಮಾನು ಎಲ್ಲಿ ತರೋದು?

ಬೆಂಗಳೂರಾದ್ರೆ ಚಿಕ್ಕಪೇಟೆ, ಅವೆನ್ಯೂ ರೋಡ್, ರಾಜಾ ಮಾರ್ಕೆಟ್ ಸುತ್ತಮುತ್ತ ಮಣಿ, ಲೇಸು, ರೇಷ್ಮೆ ದಾರ, ಜರಿ ಎಲ್ಲ ಸಿಗುತ್ತೆ. ಕಾಗದ, ಕಾರ್ಡ್ ಶೀಟಿಗೆ ಸುಲ್ತಾನ್‌ಪೇಟೆ. ಗಾಡಿ ತಗೊಂಡು ಹೋಗೋ ಸಾಹಸ ಬೇಡ, ಹಸಿರು ಲೈನ್ ಮೆಟ್ರೋಲಿ ಚಿಕ್ಕಪೇಟೆ ಸ್ಟೇಷನ್ನಲ್ಲಿ ಇಳೀರಿ. ಭಾನುವಾರ ಹೋದ್ರೆ ಸುಮಾರು ಅಂಗಡಿ ಮುಚ್ಚಿರುತ್ತೆ. ಸ್ವಲ್ಪವೇ ಬೇಕು ಅಂದ್ರೆ ಮಲ್ಲೇಶ್ವರಂ 8ನೇ ಕ್ರಾಸ್, ಗಾಂಧಿ ಬಜಾರ್ ಸಾಕು. ಜೇಡಿಮಣ್ಣಿಗೆ ಪಾಟರಿ ಟೌನ್. ಮೊದಲ ಸಲಕ್ಕೇ ಮೂಟೆಗಟ್ಟಲೆ ತರ್ಬೇಡಿ, ನನ್ನ ಹತ್ರ ಇನ್ನೂ ಎರಡು ಕೆಜಿ ಕನ್ನಡಿ ಚೂರು ಬಿದ್ದಿದೆ, ಯಾರಿಗಾದ್ರೂ ಬೇಕಾ?

ಖರ್ಚು ಯಾರದ್ದು?

ಸಾಮಾನಿನ ಖರ್ಚು ಹಂಚ್ಕೊಳ್ಳೋದು, ಊಟ ನಿಮ್ಮದು. ನಾಚ್ಕೋಬೇಡಿ, ಮೊದಲೇ "ತಲೆಗೆ ಇನ್ನೂರು" ಅಂತ ಹೇಳಿ ಯುಪಿಐ ಹಾಕಿಸ್ಕೊಳ್ಳಿ. ದುಡ್ಡು ಹಾಕಿದವರು ಕೊನೇ ಗಳಿಗೆಯಲ್ಲಿ "ತಲೆನೋವು ಕಣೇ" ಅನ್ನಲ್ಲ, ಇದು ಮೂರು ವರ್ಷದ ಅನುಭವ.

ಊಟಕ್ಕೆ ಏನು ಮಾಡೋದು? ಎಣ್ಣೆ ಕೈಲಿ ಸೀರೆ ಮುಟ್ಟಿದ್ರೆ?

ಅದೇ ಅಲ್ವಾ ದೊಡ್ಡ ತಲೆನೋವು. ಬಜ್ಜಿ, ಬೋಂಡ, ನಿಪ್ಪಟ್ಟು, ಒಗ್ಗರಣೆ ಹಾಕಿದ ಮಂಡಕ್ಕಿ ಎಲ್ಲ ನಮ್ಮವರಿಗೆ ಇಷ್ಟ, ಎಲ್ಲದರಲ್ಲೂ ಎಣ್ಣೆ, ಮೇಲಿಂದ ಅರಿಶಿನ. ತಿಂತಾ ತಿಂತಾ ಮಾಡೋ ಪದ್ಧತಿ ಬಿಟ್ಬಿಡಿ. ಐದಕ್ಕೆ ಬಂದ ತಕ್ಷಣ ಕಾಫಿ ಜೊತೆ ಏನಾದ್ರೂ ತಿನ್ಕೊಂಡು ಸೋಪು ಹಾಕಿ ಕೈ ತೊಳ್ಕೊಂಡು ಕೂರೋದು, ಎಂಟಕ್ಕೆ ಎಲ್ಲ ಎತ್ತಿಟ್ಟು ಊಟ. ಮಧ್ಯೆ ಬಾಯಾಡಿಸೋಕೆ ಹುರಿಗಡಲೆ, ಒಣದ್ರಾಕ್ಷಿ, ಟೂತ್‌ಪಿಕ್ ಚುಚ್ಚಿದ ಸೇಬು, ಅಷ್ಟೇ. ಸೀಬೆಕಾಯಿಗೆ ಉಪ್ಪು ಖಾರ ಹಾಕಿದ್ರೆ ಯಾರೂ ಟೂತ್‌ಪಿಕ್ ಮುಟ್ಟಲ್ಲ, ಕೈಯೇ ಹೋಗುತ್ತೆ, ಅದೂ ಬೇಡ.

ರಾತ್ರಿಗೆ ಒಂದೇ ಪಾತ್ರೆ ಅಡುಗೆ. ಬಿಸಿಬೇಳೆಬಾತ್ ಮಧ್ಯಾಹ್ನವೇ ಮಾಡಿಟ್ಟು, ಬಡಿಸೋಕೆ ಮುಂಚೆ ಬಿಸಿನೀರು ಹಾಕಿ ಸಡಿಲ ಮಾಡಿ, ಮೇಲೆ ತುಪ್ಪ, ಪಕ್ಕಕ್ಕೆ ಖಾರ ಬೂಂದಿ, ಕೊನೆಗೆ ಮೊಸರನ್ನ. ಪೂರಿ, ದೋಸೆ ಅಂತ ಹೊರಟ್ರೆ ನೀವು ಒಲೆ ಮುಂದೆ, ಅವರು ಹಾಲಲ್ಲಿ, ಯಾವುದೋ ಒಳ್ಳೇ ಗಾಸಿಪ್ ಅರ್ಧ ಕೇಳಿಸಿ ಅರ್ಧ ಕೇಳಿಸ್ದೆ ಪ್ರಾಣ ಹೋಗುತ್ತೆ. ಯಾರಾದ್ರೂ ಏನಾದ್ರೂ ತರ್ತೀನಿ ಅಂದ್ರೆ ಬೇಡ ಅನ್ಬೇಡಿ, ಏನು ತರ್ಬೇಕು ಅಂತ ಹೇಳಿ, ಇಲ್ಲಾಂದ್ರೆ ಐದೂ ಜನ ಮೈಸೂರ್‌ಪಾಕ್ ತರ್ತಾರೆ.

ಟೀ ಕಾಫಿ ಲೋಟಕ್ಕೆ ಬೇರೆ ಸ್ಟೂಲು, ಜಮಖಾನದ ಹೊರಗೆ. ಇದರಲ್ಲಿ ನೋ ಡಿಸ್ಕಷನ್.

ಕೂರೋಕೆ, ಲೈಟಿಗೆ ಏನು ವ್ಯವಸ್ಥೆ?

ನೆಲದ ಮೇಲೆ ಜಮಖಾನ, ಅದರ ಮೇಲೊಂದು ಬಿಳಿ ಬೆಡ್‌ಶೀಟ್. ಬಿಳಿ ಯಾಕಂದ್ರೆ ಬಿದ್ದ ಸೂಜಿ ಕಾಣುತ್ತೆ. ಮಂಡಿ ನೋವಿರೋರಿಗೆ ದಿವಾನ್, ಅವರ ಮುಂದೊಂದು ಮಣೆ ಅಥವಾ ಸ್ಟೂಲ್. ಮಣಿ ಹಾಕೋಕೆ ಅಂಚಿರೋ ಸ್ಟೀಲ್ ತಟ್ಟೆ ಒಬ್ಬೊಬ್ಬರಿಗೂ ಒಂದೊಂದು, ತಟ್ಟೆ ಒಳಗೆ ಕರ್ಚೀಫ್ ಹಾಸಿದ್ರೆ ಮಣಿ ಉರುಳಲ್ಲ.

ಲೈಟ್ ವಿಷಯದಲ್ಲಿ ಕಂಜೂಸ್ ಬೇಡ. ಈಗಿನ ಮನೆಗಳಲ್ಲಿ ಹಳದಿ ಮಂದ ಬೆಳಕು ಹಾಕಿರ್ತಾರೆ, ಫೋಟೋಗೆ ಚೆಂದ, ಸೂಜಿ ಪೋಣಿಸೋಕೆ ಕಷ್ಟ. ಕಡುನೀಲಿ ದಾರನೂ ಕಪ್ಪು ದಾರನೂ ಒಂದೇ ಥರ ಕಾಣುತ್ತೆ, ಬೆಳಗ್ಗೆ ಬಿಸಿಲಲ್ಲಿ ನೋಡಿದಾಗ ಅರ್ಧ ಕುಚ್ಚು ಆ ಬಣ್ಣ ಅರ್ಧ ಈ ಬಣ್ಣ. ಬಿಳಿ ಟ್ಯೂಬ್‌ಲೈಟ್ ಹಾಕಿ, ಬಲ್ಬ್ ತಗೊಳ್ಳೋದಾದ್ರೆ ಡಬ್ಬಿ ಮೇಲೆ 6500ಕೆ ಅಂತ ಇರೋದು ನೋಡಿ ತಗೊಳ್ಳಿ. ಮಕ್ಕಳ ಸ್ಟಡಿ ಲ್ಯಾಂಪ್ ಒಂದೆರಡು ಎಳ್ಕೊಂಡು ಬನ್ನಿ. ದಾರದ ಬಣ್ಣ ಮಾತ್ರ ಹಗಲಲ್ಲೇ ಆರಿಸಿಟ್ಕೊಳ್ಳಿ.

ಕತ್ತರಿ ಎಷ್ಟು ಬೇಕು?

ಬಟ್ಟೆಗೆ ಬೇರೆ, ಪೇಪರಿಗೆ ಬೇರೆ. ಬಟ್ಟೆ ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿಡಿ. ಪೇಪರ್ ಕತ್ತರಿಸಿದ್ರೆ ಹರಿತ ಹೋಗುತ್ತೆ ಅಂತ ಎಷ್ಟು ಹೇಳಿದ್ರೂ ಯಾರೋ ಒಬ್ರು ಆ ಕತ್ತರಿಲೇ ಚಿಪ್ಸ್ ಪ್ಯಾಕೆಟ್ ಕಟ್ ಮಾಡ್ತಾರೆ. (ಯಾರು ಅಂತ ಅವಳಿಗೆ ಗೊತ್ತು.)

ಮಕ್ಕಳು ಬಂದ್ರೆ?

ಬರ್ಲಿ, ಆದ್ರೆ ಮೊದಲೇ ಗೊತ್ತಿರ್ಲಿ. ಮೂರು ವರ್ಷಕ್ಕಿಂತ ಚಿಕ್ಕವರಿದ್ರೆ ಅವತ್ತು ಸಣ್ಣ ಮಣಿ ಕ್ಯಾನ್ಸಲ್, ಬಾಯಿಗೇ ಹೋಗುತ್ತೆ. ದೀಪಾವಳಿಗೆ ಎಲ್‌ಇಡಿ ದೀಪ ಹಾಕಿ ಏನಾದ್ರೂ ಮಾಡ್ತೀವಿ ಅಂದ್ರೆ ಅದರೊಳಗಿರೋ ಬಟನ್ ಬ್ಯಾಟರಿ ಮೇಲೆ ಕಣ್ಣಿರ್ಲಿ, ಮಗು ನುಂಗಿದ್ರೆ ಅನ್ನನಾಳ ಒಳಗೇ ಸುಡೋಕೆ ಎರಡು ಗಂಟೆ ಸಾಕು, ಕಾಯ್ತಾ ಕೂರ್ದೇ ನೇರ ಆಸ್ಪತ್ರೆಗೆ ಓಡ್ಬೇಕು. ದೊಡ್ಡ ಮಕ್ಕಳಿಗೆ ಬೇರೆ ಮೂಲೆ, ಕಾಗದ, ಕ್ರೆಯಾನ್, ಮಣ್ಣು.

ಸೂಜಿ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಹನ್ನೆರಡು ಕೊಟ್ಟು ಹನ್ನೊಂದು ಬಂದ್ರೆ ಯಾರೂ ಎದ್ದೇಳೋ ಹಾಗಿಲ್ಲ. ಫ್ರಿಜ್ ಮೇಲಿರೋ ಮ್ಯಾಗ್ನೆಟ್ ತಗೊಂಡು ಬೆಡ್‌ಶೀಟ್ ಮೇಲೆ ಆಡಿಸಿದ್ರೆ ಸಿಗುತ್ತೆ.

ಗ್ಲೂ ಗನ್ ಇಟ್ಕೋಬಹುದಾ?

ಒಂದೇ ಒಂದು ಇರ್ಲಿ, ಟೇಬಲ್ ಮೇಲೆ, ಕೆಳಗೊಂದು ಟೈಲ್ ತುಂಡು ಇಟ್ಟು. ನೆಲದ ಮೇಲೆ ವೈರ್ ಎಳ್ದು ಆರು ಜನರ ಮಧ್ಯೆ ಇಡ್ಬೇಡಿ. ಅದರ ಅಂಟು 120 ಡಿಗ್ರಿಗಿಂತ ಮೇಲೆ ಬಿಸಿ ಇರುತ್ತೆ, ಕುದಿಯೋ ನೀರಿಗಿಂತ ಜಾಸ್ತಿ, ಮೇಲಾಗಿ ಅಂಟ್ಕೊಂಡು ಬಿಡುತ್ತೆ. ಕೈಗೆ ಬಿದ್ರೆ ಕಿತ್ತುಬಿಡೋಕೆ ಹೋಗ್ಬೇಡಿ, ಚರ್ಮ ಕಿತ್ಕೊಂಡು ಬರುತ್ತೆ, ಸೀದಾ ನಲ್ಲಿ ಕೆಳಗೆ 20 ನಿಮಿಷ. ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ. ನಿಜ ಹೇಳ್ಬೇಕಂದ್ರೆ ಮುಕ್ಕಾಲು ಕೆಲಸಕ್ಕೆ ಫೆವಿಕಾಲ್ ಸಾಕು, ಒಣಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಮಾತಾಡಿ.

"ನಂಗೆ ಇದೆಲ್ಲ ಬರಲ್ಲಪ್ಪಾ" ಅನ್ನೋರಿಗೆ ಏನ್ ಹೇಳೋದು?

ಏನೂ ಹೇಳ್ಬೇಡಿ, ಕೈಗೊಂದು ದಾರದ ಲಡಿ ಕೊಟ್ಟು ಉಂಡೆ ಸುತ್ತೋಕೆ ಹೇಳಿ. ಹತ್ತಿ ಬತ್ತಿ ಹೊಸೆಯೋದು, ಎಟಿಎಂ ಕಾರ್ಡಿಗೆ ದಾರ ಸುತ್ತೋದು, ಸಿಕ್ಕು ಬಿಡಿಸೋದು, ಇದಕ್ಕೆಲ್ಲ ಜನ ಬೇಕೇ ಬೇಕು. ನಮ್ಮಲ್ಲೊಬ್ಬಳು ಆರು ತಿಂಗಳು ಬರೀ ಸಿಕ್ಕು ಬಿಡಿಸಿದಾಳೆ, ಬೇರೇನೂ ಮಾಡಿಲ್ಲ, ಅವಳಿಲ್ದಿದ್ರೆ ಈಗ ನಮಗೆ ಕೈ ಮುರಿದ ಹಾಗೆ. ಒಂದು ಮಾತ್ರ ಬೇಡ, ಪಕ್ಕದವರ ಕೆಲಸ ಕಿತ್ಕೊಂಡು "ಹೀಗಲ್ಲ, ಕೊಡಿಲ್ಲಿ" ಅಂತ ತಾವೇ ಮಾಡೋದು. ಸೊಟ್ಟ ಇದ್ರೆ ಸೊಟ್ಟ ಇರ್ಲಿ ಬಿಡಿ, ಅವರ ಸೀರೆ.

ಗಂಡಸರೂ ಬರ್ತಾರಾ?

ಬರ್ತಾರೆ. ಮೊದಮೊದಲು ಹೆಂಡ್ತಿನ ಪಿಕಪ್ ಮಾಡೋಕೆ ಬಂದವರು ಬಾಗಿಲಲ್ಲಿ ನಿಂತು ಫೋನ್ ನೋಡ್ತಿದ್ರು, ಆಮೇಲೆ ಬಿಸಿಬೇಳೆಬಾತ್ ವಾಸನೆಗೆ ಒಳಗೆ ಬಂದ್ರು, ಈಗ ಒಬ್ರು ಮೆಂತಿ ಹೊಲಿಗೆ ನನಗಿಂತ ನೀಟಾಗಿ ಹಾಕ್ತಾರೆ. ಸಾಫ್ಟ್‌ವೇರ್ ಟೆಸ್ಟಿಂಗ್ ಅವರದ್ದು, ತಪ್ಪಿದ ಎಳೆ ದೂರದಿಂದಲೇ ಕಾಣುತ್ತಂತೆ. ಅತ್ತೆಗೆ ಅವರೇ ಫೇವರಿಟ್ ಸ್ಟೂಡೆಂಟ್, ನಾನಲ್ಲ.

ಹಬ್ಬದ ಟೈಮಲ್ಲಿ ಏನು ಮಾಡ್ಬಹುದು?

ಗಣಪತಿ ಹಬ್ಬಕ್ಕೆ ಮಣ್ಣಿನ ಗಣಪ. ಹಬ್ಬದ ಹಿಂದಿನ ದಿನ ಅಲ್ಲ, ಕಮ್ಮಿ ಅಂದ್ರೂ ಒಂದು ವಾರ ಮುಂಚೆ, ಯಾಕಂದ್ರೆ ನೆರಳಲ್ಲಿ ನಿಧಾನಕ್ಕೆ ಒಣಗ್ಬೇಕು. ಬಿಸಿಲಿಗಿಟ್ರೆ ಹೊಟ್ಟೆ ಬಿರುಕು. ಒಬ್ಬರಿಗೆ ಒಂದು ಕೆಜಿ ಕಲಸಿದ ಮಣ್ಣು ಕೊಟ್ರೆ ಅಂಗೈ ಉದ್ದದ ಗಣಪ ಆಗ್ತಾನೆ. ಸೊಂಡಿಲು, ಕೈ ಜೋಡಿಸೋ ಜಾಗನ ಕಡ್ಡಿಯಿಂದ ಗೀರಿ, ಮಣ್ಣು ಕರಗಿಸಿದ ನೀರು ಹಚ್ಚಿ ಅಂಟಿಸಿ, ಸುಮ್ನೆ ಒತ್ತಿದ್ರೆ ಒಣಗಿದ ಮೇಲೆ ಉದುರುತ್ತೆ. ಕೈ ತೊಳೆಯೋಕೆ ಬಕೆಟ್ ಇಡಿ! ಸಿಂಕಲ್ಲಿ ತೊಳೆದ್ರೆ ಪೈಪ್ ಒಳಗೆ ಇನ್ನೊಬ್ಬ ಗಣಪ ಕೂರ್ತಾನೆ, ನಮಗೆ ಪ್ಲಂಬರಿಗೆ ಕೊಟ್ಟ ದುಡ್ಡಲ್ಲಿ ಎರಡು ರೆಡಿಮೇಡ್ ಗಣಪ ಬರ್ತಿತ್ತು. ಬಕೆಟ್ ನೀರು ಗಿಡಕ್ಕೆ.

ದಸರಾ ಗೊಂಬೆ ಕೂರ್ಸೋರಿದ್ರೆ ಪಟ್ಟದ ಗೊಂಬೆಗೆ ಹೊಸ ಸೀರೆ ಪಂಚೆ ಹೊಲಿಯೋದು, ಮಣಿ ಸರ ಮಾಡೋದು ಒಳ್ಳೇ ಕೆಲಸ, ಎಲ್ರ ಮನೆ ಗೊಂಬೆನೂ ಒಂದೇ ಕಡೆ ಸೇರಿದ್ರೆ ನೋಡೋಕೇ ಖುಷಿ. ಅವತ್ತೇ ಟ್ರೇನಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಕಳ್ಸಿ, ಎಂಟು ಹತ್ತು ದಿನಕ್ಕೆ ಗೊಂಬೆಗಳ ಜೊತೆ ಇಡೋ ಪುಟ್ಟ ಪಾರ್ಕಿಗೆ ಹಸಿರು ರೆಡಿ.

ದೀಪಾವಳಿಗೆ ಹಣತೆ. ಮೊದಲು ನಾಲ್ಕೈದು ಗಂಟೆ ನೀರಲ್ಲಿ ನೆನೆಸಿ, ಪೂರ್ತಿ ಒಣಗಿಸಿ, ಆಮೇಲೆ ಬಣ್ಣ. ಹೊರಗಡೆ ಮಾತ್ರ ಪೇಂಟ್ ಮಾಡಿ, ಒಳಗೂ ಬೇಡ, ಬತ್ತಿ ಕೂರೋ ಮೂಗಿನ ಹತ್ರನೂ ಬೇಡ, ಉರಿ ತಾಗಿ ಬಣ್ಣ ಸುಟ್ಟು ವಾಸನೆ ಬರುತ್ತೆ. ಕರಾವಳಿ ಕಡೆಯವರಿದ್ರೆ ಗೂಡುದೀಪ ಅವರ ಕೈಲೇ ಮಾಡಿಸಿ, ಬಿದಿರು ಕಡ್ಡಿ, ಬಣ್ಣದ ಕಾಗದ, ಗೋಂದು, ಒಂದು ಸಂಜೆಗೆ ಎರಡು ಆಗುತ್ತೆ. ಮಂಗಳೂರು ಕಡೆ ಇದಕ್ಕೆ ಸ್ಪರ್ಧೆನೇ ನಡೆಯುತ್ತೆ, ನಮ್ಮ ಮಂಗಳೂರು ಫ್ರೆಂಡ್ ನಮ್ಮದನ್ನ ನೋಡಿ "ಇದು ಎಂತದು ಮಾರಾಯ್ರೆ" ಅಂತ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಗ್ಲಿಟರ್?

ನಮ್ಮನೇಲಿ ಬ್ಯಾನ್. ಎರಡು ವರ್ಷದ ಹಿಂದಿನ ಗ್ಲಿಟರ್ ಮೊನ್ನೆ ಸಾರಲ್ಲಿ ಸಿಕ್ತು.

ನಾವು ಅಮೆರಿಕಾದಲ್ಲಿದೀವಿ, ಇಲ್ಲಿ ಮಾಡ್ಬಹುದಾ?

ಯಾಕಾಗಲ್ಲ. ನನ್ನ ಕಸಿನ್ ಅಲ್ಲಿ ಚಳಿಗಾಲದಲ್ಲಿ ಮಾಡ್ತಾಳೆ, ಹೊರಗೆ ಹಿಮ, ಒಳಗೆ ಎಂಟು ಜನ ಕುಚ್ಚು ಕಟ್ತಾ ಊರಿನ ಸುದ್ದಿ. ಎಂಬ್ರಾಯ್ಡರಿ ದಾರ, ಎಳೆ ಎಣಿಸೋ ಬಟ್ಟೆ ಅಲ್ಲೇ ಸಿಗುತ್ತೆ, ಕುಚ್ಚಿನ ರೇಷ್ಮೆ ದಾರ ಮತ್ತೆ ಜರಿ ಮಾತ್ರ ಊರಿಂದ ಬರೋರ ಹತ್ರ ತರಿಸ್ಕೊಳ್ಳಿ. ಕತ್ತರಿ ಸೂಜಿ ಎಲ್ಲ ಚೆಕ್‌ಇನ್ ಬ್ಯಾಗಲ್ಲೇ ಹಾಕಿ, ಕೈಚೀಲದಲ್ಲಿಟ್ಟು ಏರ್‌ಪೋರ್ಟಲ್ಲಿ ಕಳ್ಕೋಬೇಡಿ.

ಅರ್ಧಕ್ಕೆ ನಿಂತ ಕೆಲಸ ಏನು ಮಾಡೋದು?

ಒಬ್ಬೊಬ್ಬರಿಗೂ ಒಂದು ಜಿಪ್ ಕವರ್, ಮೇಲೆ ಹೆಸರು, ಒಳಗೆ ಬಟ್ಟೆ, ದಾರ, ಸೂಜಿ ಚುಚ್ಚಿದ ಒಂದು ಥರ್ಮಾಕೋಲ್ ಚೂರು. ಮನೆಗೆ ಒಯ್ದು ಮುಗಿಸ್ತೀನಿ ಅಂತಾರೆ, ಮುಗಿಸಲ್ಲ. ಅದಕ್ಕೇ ನಮ್ಮನೆ ಬೀರುವಲ್ಲಿ ಒಂದು ಶೆಲ್ಫ್ ಪೂರ್ತಿ ಬೇರೆಯವರ ಕವರೇ ಇದೆ. ಮೂರು ತಿಂಗಳಿಗೊಂದು ಸಲ "ಹಳೇ ಬಾಕಿ" ನೈಟ್ ಇಡ್ತೀವಿ, ಹೊಸದೇನೂ ಶುರು ಮಾಡೋ ಹಾಗಿಲ್ಲ.

ಎಷ್ಟೊತ್ತಿಗೆ ಮುಗಿಸೋದು? ಯಾರೂ ಎದ್ದು ಹೋಗಲ್ಲ ಅಂದ್ರೆ?

ಐದರಿಂದ ಒಂಬತ್ತು ಅಂತ ಮೆಸೇಜಲ್ಲೇ ಹಾಕಿ. ಐದು ಅಂದ್ರೆ ಐದೂ ಮುಕ್ಕಾಲಿಗೆ ಬರ್ತಾರೆ, ಒಂಬತ್ತು ಅಂದ್ರೆ ಹತ್ತೂವರೆಗೆ ಎದ್ದೇಳ್ತಾರೆ, ಚಪ್ಪಲಿ ಹಾಕ್ಕೊಂಡು ಲಿಫ್ಟ್ ಮುಂದೆ ಇನ್ನರ್ಧ ಗಂಟೆ. ನಾನು ಒಂಬತ್ತೂವರೆಗೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ ತಂದು ಇಟ್ಬಿಡ್ತೀನಿ, ಅದು ನಮ್ಮಲ್ಲಿ ಎಲ್ರಿಗೂ ಅರ್ಥ ಆಗೋ ಭಾಷೆ. ಆದ್ರೂ ಹೋದ ತಿಂಗಳು ಕುಂಕುಮ ಇಟ್ಕೊಂಡು, ಎಲೆ ಅಡಿಕೆ ಬ್ಯಾಗಿಗೆ ಹಾಕ್ಕೊಂಡು "ಇನ್ನೊಂದೇ ಒಂದು ಕುಚ್ಚು" ಅಂತ ಮತ್ತೆ ಕೂತ್ರು, ಹನ್ನೊಂದೂ ಕಾಲಾಯ್ತು, ಹೋಗೋವಾಗ ಸೂಜಿ ಎಣಿಸಿದ್ರೆ ಒಂದು ಕಮ್ಮಿ, ಮತ್ತೆ ಎಲ್ರೂ ಮ್ಯಾಗ್ನೆಟ್ ಹಿಡ್ಕೊಂಡು ನೆಲದ ಮೇಲೆ.